ಕಥೆಗೆ ಯಂತ್ರ ಕಟ್ಟುವ ಮೊದಲು

ಕಳೆದ ಶನಿವಾರದ ಸಂಘದ ಸಭೆಯಲ್ಲಿ ನಾನು ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹೇಳಲಿಕ್ಕೆ ಏನೂ ಇರಲಿಲ್ಲ ಅಂತಲ್ಲ. ಹತ್ತನೆಯವರೆಗೆ ಕುಂದಾಪುರ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಮುಂಬಯಿಗೆ ಬಂದು ಕಾಮರ್ಸ್ ಸೇರಿದ ನನ್ನಂಥವನಿಗೆ ಸಭೆಯಲ್ಲಿ ಆಡಬೇಕಾಗಿದ್ದ ಮಾತು ಹೊಳೆಯುವುದು ವಾಪಸು ಹೋಗುವ ಲೋಕಲ್‌ನಲ್ಲಿ, ಅದೂ ಕುರ್ಲಾ ದಾಟಿದ ಮೇಲೆ. ಆದುದರಿಂದ ಬರೆಯುತ್ತಿದ್ದೇನೆ. ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ, ಮೂರಾದರೆ ಬೈಯಬಾರದು.

ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಕಾಲೇಜು ಬಿಡುವ ಮುನ್ನ ಕೊನೆಯ ವರ್ಷದವರು ಸೇರಿ ಏನಾದರೂ ಒಂದು ಮಾಡಿ ಹೋಗಬೇಕು. ಕಥಾಸಂಕಲನ ಬೇಡ, ಯಾರೂ ಓದುವುದಿಲ್ಲ (ಇದು ಕಾರ್ಯದರ್ಶಿಯ ಮಾತು). ನಾಟಕ ಬೇಡ, ತಾಲೀಮಿಗೆ ಯಾರೂ ಬರುವುದಿಲ್ಲ (ಇದು ನನ್ನ ಮಾತು, ಅನುಭವದಿಂದ ಆಡಿದ್ದು). ಕೊನೆಗೆ ಕಥೆ, ಚಿತ್ರ, ಧ್ವನಿ, ವಿಡಿಯೋ ಎಲ್ಲ ಕೂಡಿದ ಒಂದು ‘ಮಲ್ಟಿಮೀಡಿಯಾ’ ಪ್ರಯೋಗ ಅಂತ ತೀರ್ಮಾನವಾಯಿತು. ಕಥೆ ಯಾರದ್ದು? ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಒಬ್ಬ ಹುಡುಗನದ್ದು. ಒಳ್ಳೆಯ ವಿಷಯ. ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಜನ ವಕೀಲರು, ಲೆಕ್ಕಪತ್ರದವರು, ಬ್ಯಾಂಕಿನವರು ಆ ರಾತ್ರಿ ಶಾಲೆಗಳ ಬೆಂಚಿನಿಂದಲೇ ಎದ್ದು ಬಂದವರು.

ಆದರೆ ಆ ಎರಡು ಗಂಟೆಯಲ್ಲಿ ಏನೇನು ಚರ್ಚೆಯಾಯಿತು? ಯಾವ ಕ್ಯಾಮರಾ. ಯಾರ ಮಾವನ ಮಗನ ಹತ್ತಿರ ಡ್ರೋನ್ ಇದೆ. ಯಾವ ಸಿನಿಮಾ ಹಾಡು ಹಿನ್ನೆಲೆಗೆ. ಇಂಗ್ಲಿಷ್ ಸಬ್‌ಟೈಟಲ್ ಹಳದಿಯೋ ಬಿಳಿಯೋ. ಆ ಹುಡುಗನಿಗೆ ಕೊನೆಗೆ ಏನಾಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಇದು ಒಂದೂ ಎಂಟ್ರಿ ಹಾಕದೆ ಬ್ಯಾಲೆನ್ಸ್ ಶೀಟಿಗೆ ಬಣ್ಣದ ಅಂಚು ಕಟ್ಟಿದ ಹಾಗೆ.

ಇನ್ನೊಂದು ತಮಾಷೆ. ನಾವೇ ಮೊದಲು ಏನನ್ನೋ ಕಂಡುಹಿಡಿಯುತ್ತಿದ್ದೇವೆ ಎಂಬ ಧಾಟಿಯಲ್ಲಿ ಎಲ್ಲರೂ ಮಾತಾಡುತ್ತಿದ್ದರು. ನಾವು ಊರಿಗೆ ಹೋಗುವ ಕೊಂಕಣ ರೈಲ್ವೆ ದಾರಿಯಲ್ಲೇ, ಸಿಂಧುದುರ್ಗ ಜಿಲ್ಲೆಯ ಕುಡಾಳ ಸ್ಟೇಶನ್ನಿನ ಹತ್ತಿರ ಪಿಂಗುಳಿ ಅಂತ ಹಳ್ಳಿ ಇದೆ. ಅಲ್ಲಿಯ ಠಾಕರ ಸಮುದಾಯದವರು ತಲೆಮಾರುಗಳಿಂದ ಚಿತ್ರಕಥಿ ಮಾಡಿಕೊಂಡು ಬಂದಿದ್ದಾರೆ. ಕಾಗದದ ಮೇಲೆ ಬರೆದ ರಾಮಾಯಣ, ಮಹಾಭಾರತದ ಚಿತ್ರಗಳನ್ನು ಒಂದೊಂದಾಗಿ ಮುಂದಿಡುವುದು, ವಾದ್ಯ ನುಡಿಸುತ್ತ ಹಾಡಿ ಕಥೆ ಹೇಳುವುದು. ಆ ಪರಂಪರೆಯ ಪರಶುರಾಮ ಗಂಗಾವಣೆಯವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಚಿತ್ರ ಇದೆ, ಧ್ವನಿ ಇದೆ, ಕಥೆ ಇದೆ. ಇದು ಮಲ್ಟಿಮೀಡಿಯಾ ಅಲ್ಲದೆ ಮತ್ತೇನು? ವ್ಯತ್ಯಾಸ ಇಷ್ಟೇ, ಅವರಿಗೆ ಕಥೆ ಮೊದಲೇ ಬಾಯಿಗೆ ಬರುತ್ತದೆ.

ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆತೆ’ ಎಂಬ 28 ನಿಮಿಷದ ಸಿನಿಮಾವನ್ನು ಹಾಸ್ಟೆಲಿನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಫ್ರೆಂಚ್ ನನಗೆ ಒಂದಕ್ಷರ ಬಾರದು. ಹೆಚ್ಚುಕಡಿಮೆ ಪೂರ್ತಿ ಸಿನಿಮಾ ನಿಂತ ಫೋಟೋಗಳೇ, ಮೇಲಿನಿಂದ ಒಬ್ಬನ ಧ್ವನಿ. ಒಂದೇ ಒಂದು ಕಡೆ, ಮಲಗಿದ ಹೆಂಗಸು ಕಣ್ಣು ತೆರೆಯುವಾಗ ಮಾತ್ರ, ಚಿತ್ರ ಚಲಿಸುತ್ತದೆ. ಕೆಲವು ಕ್ಷಣ, ಅಷ್ಟೇ. ನನ್ನ ಮೈ ಜುಂ ಅಂದಿತು. ಉಳಿದದ್ದೆಲ್ಲ ನಿಂತಿದ್ದಕ್ಕಾಗಿಯೇ ಅದು ಹಾಗೆ ಕಂಡಿತು. ಡ್ರೋನ್ ತರುವವರು ದಯವಿಟ್ಟು ಇದನ್ನೊಮ್ಮೆ ನೋಡಬೇಕು.

ಇಷ್ಟೇ ಆಗಿದ್ದರೆ ನಾನು ಬರೆಯಲಿಕ್ಕೆ ಹೊರಡುತ್ತಿರಲಿಲ್ಲ. ನಿಜವಾದ ಮಾತು ಮುಂದಿದೆ, ಅದರಲ್ಲಿ ನನ್ನ ತಪ್ಪೂ ಇದೆ.

ನಾನಿರುವುದು ಡೊಂಬಿವಲಿಯಲ್ಲಿ, ದೊಡ್ಡಪ್ಪನ ಮನೆಯಲ್ಲಿ. ಅವರು 1970ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಊರಿನಿಂದ ಬಂದು ಕೋಟೆ ವಿಭಾಗದ ಒಂದು ಹೋಟೆಲಿನಲ್ಲಿ ಕಪ್ಪುಬಶಿ ತೊಳೆಯಲಿಕ್ಕೆ ನಿಂತವರು. ಸಂಜೆ ಏಳಕ್ಕೆ ಕೈ ಒರೆಸಿಕೊಂಡು ರಾತ್ರಿ ಶಾಲೆಗೆ ಓಡುವುದು. ಗಣಿತದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಎಸ್ಸೆಸ್ಸಿ ಪಾಸು ಮಾಡಿದರು. ಪ್ರಯೋಗಕ್ಕೆ ಸಾಮಗ್ರಿ ಬೇಕು ಅಂತ ಸಂಘದಲ್ಲಿ ಹೇಳಿದಾಗ ನಾನೇ ಉತ್ಸಾಹದಿಂದ, ‘ನಮ್ಮ ಮನೆಯಲ್ಲೇ ಇದ್ದಾರಲ್ಲ’ ಅಂದೆ. ಒಂದು ಭಾನುವಾರ ಮಧ್ಯಾಹ್ನ ಫೋನು ಮುಂದಿಟ್ಟು ನಲವತ್ತು ನಿಮಿಷ ಅವರ ಮಾತು ರೆಕಾರ್ಡ್ ಮಾಡಿದೆ. ‘ಎಂತಕ್ಕೆ ಇದು?’ ಅಂತ ಕೇಳಿದರು. ‘ಕಾಲೇಜು ಪ್ರಾಜೆಕ್ಟಿಗೆ’ ಅಂದೆ. ಸುಳ್ಳಲ್ಲ. ಆದರೆ ಪೂರ್ತಿ ಸತ್ಯವೂ ಅಲ್ಲ.

ಅದರಲ್ಲೊಂದು ಭಾಗ ಇದೆ. ಹೋಟೆಲಿನಲ್ಲಿ ಓದುಬರಹ ಬರುತ್ತಿದ್ದವರು ಇವರೊಬ್ಬರೇ, ಆದ್ದರಿಂದ ಉಳಿದ ಹುಡುಗರ ಕಾಗದಗಳನ್ನೆಲ್ಲ ಇವರೇ ಬರೆದುಕೊಡುತ್ತಿದ್ದರು. ಒಬ್ಬ ಹುಡುಗ ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ತಾಯಿಗೆ, ‘ನಾನು ಸೌಖ್ಯ, ಹೊಟ್ಟೆತುಂಬ ಉಣ್ಣುತ್ತಿದ್ದೇನೆ’ ಅಂತ ಅವನ ಹೆಸರಿನಲ್ಲಿ ಬರೆದರಂತೆ. ಅಲ್ಲಿಗೆ ಬಂದು ದೊಡ್ಡಪ್ಪ ಸುಮ್ಮನಾಗುತ್ತಾರೆ. ಹನ್ನೊಂದು ಸೆಕೆಂಡು. ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ.

ಸಂಘದಲ್ಲಿ ಇದನ್ನು ಕೇಳಿಸಿದಾಗ ಎಲ್ಲರೂ ಬೆರಗಾದರು. ‘ಈ ಮೌನ ಸಿಕ್ಕಿತಲ್ಲ, ಇನ್ನೇನು ಬೇಕು!’ ಅಂದ ಒಬ್ಬ. ಕೂಡಲೇ ತೀರ್ಮಾನವೂ ಆಯಿತು: ನಮ್ಮ ಕಥಾನಾಯಕ ಮುದುಕನಾಗಿ ಹಿಂದಿನದನ್ನು ನೆನೆಯುವಾಗ ಈ ಧ್ವನಿಯನ್ನೇ ಹಾಕುವುದು. ನಮ್ಮ ಕಥಾನಾಯಕ ಏನು ಮಾಡುತ್ತಾನೆ ಅಂತ ಗೊತ್ತಲ್ಲ? ಪರೀಕ್ಷೆಯ ಫೀಸಿಗೆ ಧಣಿಗಳ ಗಲ್ಲಾಪೆಟ್ಟಿಗೆಯಿಂದ ದುಡ್ಡು ಕದಿಯುತ್ತಾನೆ. ಕಥೆ ಬರೆದವರ ಆ ಕಲ್ಪನೆ ಚೆನ್ನಾಗಿದೆ, ನನ್ನ ತಕರಾರಿಲ್ಲ. ಕಥೆಯಲ್ಲಿ ಯಾರು ಬೇಕಾದರೂ ಕದಿಯಬಹುದು.

ಆದರೆ ಪ್ರದರ್ಶನಕ್ಕೆ ಬರುವವರು ಯಾರು? ನಮ್ಮ ಅಪ್ಪ ಅಮ್ಮಂದಿರು, ಸಂಬಂಧಿಕರು, ಹೋಟೆಲಿನವರು, ಊರಿನವರು. ದೊಡ್ಡಪ್ಪನ ಧ್ವನಿಯನ್ನು ಗೋಡೆಯಾಚೆಯಿಂದ ಕೇಳಿದರೂ ಗುರುತಿಸುವವರು ಅದರಲ್ಲಿ ಕಡಿಮೆಯೆಂದರೂ ಮೂವತ್ತು ಜನ ಇದ್ದಾರೆ. ಆ ಧ್ವನಿ ಮುಗಿಯುತ್ತಲೇ ತೆರೆಯ ಮೇಲೆ ಹುಡುಗನ ಕೈ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಊಟಕ್ಕೆ ಕೂತಾಗ ಜನ ಏನು ಮಾತಾಡಿಕೊಳ್ಳುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಮೂವತ್ತೆರಡು ವರ್ಷ ಒಂದೇ ಹೋಟೆಲಿನಲ್ಲಿ ದುಡಿದು, ಅದರಲ್ಲಿ ಕೊನೆಯ ಹದಿನೈದು ವರ್ಷ ಅದೇ ಗಲ್ಲೆಯ ಮೇಲೆ ಕೂತ ಮನುಷ್ಯ ಅವರು.

ಕಾರ್ಯದರ್ಶಿಯ ಉತ್ತರ: ‘ಮೊದಲೇ ಒಂದು ಸಾಲು ಹಾಕುವ, ಎಲ್ಲ ಪಾತ್ರಗಳೂ ಕಾಲ್ಪನಿಕ ಅಂತ.’ ಸ್ವಾಮಿ, ಆ ಸಾಲು ತೆರೆಯ ಮೇಲೆ ನಾಲ್ಕು ಸೆಕೆಂಡು ಇರುತ್ತದೆ, ಆಗ ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ. ಧ್ವನಿ ಕಿವಿಯಲ್ಲಿ ಮನೆಯವರೆಗೆ ಹೋಗುತ್ತದೆ.

ಬರೆದ ಕಥೆಗೂ ನಾವು ಮಾಡಹೊರಟಿರುವ ಈ ಮಿಶ್ರಣಕ್ಕೂ ಇರುವ ಭೇದ ನನಗೆ ಹೊಳೆದದ್ದು ಇಲ್ಲಿಯೇ. ಕಾಗದದ ಮೇಲೆ ನಾನು ಹತ್ತು ಜನರ ಬದುಕನ್ನು ಕಲಸಿ ಒಬ್ಬನನ್ನು ಮಾಡಬಹುದು. ಅವನ ಮೂಗು ಯಾರದ್ದು, ಸಿಟ್ಟು ಯಾರದ್ದು ಅಂತ ಓದುಗನಿಗೆ ಗೊತ್ತಾಗುವುದಿಲ್ಲ. ಆದರೆ ರೆಕಾರ್ಡಾದ ಧ್ವನಿ ಹೆಸರು ಹೊತ್ತುಕೊಂಡೇ ಬರುತ್ತದೆ, ಫೋಟೋ ಕೂಡ ಹಾಗೆಯೇ. ಇದು ನಿಜ ಅಂತ ಅದು ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ತಂದು ನಮ್ಮ ಕಲ್ಪನೆಯ ಪಕ್ಕ ನಿಲ್ಲಿಸಿದರೆ ಕಲ್ಪನೆಗೂ ಸಾಕ್ಷಿ ಸಿಕ್ಕಂತಾಯಿತು. ಕಥೆಗೆ ಲಾಭ, ನಷ್ಟ ಬಡಪಾಯಿ ಸಾಕ್ಷಿದಾರನ ಖಾತೆಗೆ. ಇನ್ನೊಬ್ಬ ಮಿತ್ರರು ಹೇಳಿದ್ದು ಇದಕ್ಕಿಂತ ಘೋರ: ಈಗಿನ ಕಂಪ್ಯೂಟರಿಗೆ ಸ್ವಲ್ಪ ಮಾತು ಕೇಳಿಸಿದರೆ ಅದೇ ಧ್ವನಿಯಲ್ಲಿ ಬೇರೆ ಮಾತನ್ನೂ ಆಡಿಸುತ್ತದೆಯಂತೆ, ದೊಡ್ಡಪ್ಪನ ಬಾಯಲ್ಲೇ ‘ನಾನು ಕದ್ದೆ’ ಅನ್ನಿಸಿಬಿಡೋಣವಂತೆ. ನಕ್ಕುಕೊಂಡೇ ಹೇಳಿದರು. ನನಗೆ ನಗು ಬರಲಿಲ್ಲ.

ಮನೆಗೆ ಹೋಗಿ ದೊಡ್ಡಪ್ಪನಿಗೆ ಎಲ್ಲ ಹೇಳಿದೆ, ಕದಿಯುವುದನ್ನೂ ಸೇರಿಸಿ. ಸ್ವಲ್ಪ ಹೊತ್ತು ಟಿವಿ ನೋಡುತ್ತಲೇ ಇದ್ದರು. ಆಮೇಲೆ, ‘ನಾ ಹೇಳ್ದ್ ಕಥಿಯಾ ಮಾರಾಯಾ?’ ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಪ್ರಯೋಗವೇ ಬೇಡವೇ? ಬೇಕು. ಆದರೆ ಎರಡರಲ್ಲೊಂದು. ಒಂದೋ, ದೊಡ್ಡಪ್ಪನಂಥವರ ಮಾತನ್ನು ಅವರ ಹೆಸರಿನಲ್ಲಿ, ಅವರು ಕೇಳಿ ಒಪ್ಪಿದ ಮೇಲೆ, ಕಥೆಯ ಗೊಡವೆಯಿಲ್ಲದೆ ಕೇಳಿಸೋಣ. ಇಲ್ಲಾಂದ್ರೆ ಕಥೆಯನ್ನು ಕಥೆಯಾಗಿಯೇ ಮಾಡಿ, ಅದರ ಧ್ವನಿಗಳೆಲ್ಲ ನಮ್ಮವೇ ಇರಲಿ. ‘ಹಾಗೆ ಮಾಡಿದರೆ ನೈಜತೆ ಹೋಗುತ್ತದೆ’ ಅನ್ನುವವರು ಒಂದು ತಾಳಮದ್ದಳೆಗೆ ಹೋಗಿ ಕೂರಬೇಕು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನ ಮೇಷ್ಟರೊಬ್ಬರು ಬರೀ ಮಾತಿನಲ್ಲಿ ಕರ್ಣನಾಗಿ ನಿಲ್ಲುತ್ತಾರೆ.

ನಿಜವಾದ ಸದ್ದುಗಳು ಬೇಕೆಂದರೆ ಬೇಕಾದಷ್ಟಿವೆ. ಮೋರಿಯಲ್ಲಿ ಲೋಟಗಳು ಬೀಳುವ ಸದ್ದು, ಕಾವಲಿಯ ಮೇಲೆ ನೀರು ಚಿಮುಕಿಸುವ ಸದ್ದು, ಖಾಲಿ ಕ್ಲಾಸಿನ ಫ್ಯಾನು, ಕೊನೆಯ ಲೋಕಲ್. ಅವನ್ನು ಎಷ್ಟು ಬೇಕಾದರೂ ಹಿಡಿದು ತರೋಣ. ಲೋಟಕ್ಕೆ ಮಾನ ಹೋಗುವುದಿಲ್ಲ.

ಇನ್ನು ಲೆಕ್ಕದವನಾಗಿ ಕೆಲವು ಮಾತು. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿದೆ: ಇನ್ನೂರು ಪದದ ಒಂದು ಪುಟಕ್ಕೆ ಎರಡು ನಿಮಿಷ. ನಮಗೆ ಸಿಗುವ ಸಮಯ 25 ನಿಮಿಷ. ಸದ್ದಿಗೂ ಚಿತ್ರಕ್ಕೂ ಜಾಗ ಬಿಟ್ಟರೆ ಕಥೆ ಹತ್ತು ಪುಟ ದಾಟಕೂಡದು. ಈಗಿರುವುದು ನಲವತ್ತು. ಲೇಖಕರು ಸಿಟ್ಟು ಮಾಡಿಕೊಳ್ಳದೆ ಕತ್ತರಿ ಹಿಡಿಯಬೇಕು. ಧ್ವನಿಯನ್ನು ಕಪಾಟಿನ ಬಾಗಿಲು ತೆಗೆದು, ಬಟ್ಟೆಗಳ ನಡುವೆ ಮುಖವಿಟ್ಟು ರೆಕಾರ್ಡ್ ಮಾಡಿದರೆ ಗೋಡೆಯ ಮಾರ್ದನಿ ಬರುವುದಿಲ್ಲ; ಸ್ಟುಡಿಯೋ ಬಾಡಿಗೆ ಉಳಿಯಿತು. ವೇವ್ ಫೈಲಿನಲ್ಲಿ ಇಟ್ಟರೆ, ಸಿ.ಡಿ. ಗುಣಮಟ್ಟದ ಸ್ಟೀರಿಯೋಗೆ ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ. ಅದನ್ನು ಪೆನ್‌ಡ್ರೈವಿನಲ್ಲೇ ತನ್ನಿ, ವಾಟ್ಸಾಪಿನ ವಾಯ್ಸ್ ಮೆಸೇಜು ಮಾಡಿ ಕಳಿಸಬೇಡಿ, ಧ್ವನಿ ಸವೆಯುತ್ತದೆ. ಕನ್ನಡ ಅಕ್ಷರಗಳನ್ನು ಯೂನಿಕೋಡಿನಲ್ಲೇ ಟೈಪು ಮಾಡಿ, ಹಿಂದಿನ ದಿನ ಸಭಾಂಗಣದ ಕಂಪ್ಯೂಟರಿನಲ್ಲೇ ತೆರೆದು ನೋಡತಕ್ಕದ್ದು. ಹೋದ ವರ್ಷದ ರಾಜ್ಯೋತ್ಸವದಲ್ಲಿ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ನಿಂತದ್ದು ಯಾರೂ ಮರೆತಿಲ್ಲ.

ಸಿನಿಮಾ ಹಾಡಿನ ಬಗ್ಗೆ. 1957ರ ಕಾಪಿರೈಟ್ ಕಾಯಿದೆಯ 52ನೇ ಕಲಮು ಕಾಲೇಜಿನೊಳಗೆ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರ ಮುಂದೆ ನಡೆಯುವ ಪ್ರದರ್ಶನಕ್ಕೆ ಸಡಿಲಿಕೆ ಕೊಡುತ್ತದೆ. ಅದನ್ನೇ ಯೂಟ್ಯೂಬಿಗೆ ಹಾಕಿದರೆ ಆ ರಿಯಾಯಿತಿ ನಮ್ಮ ಬೆನ್ನ ಹಿಂದೆ ಬರುವುದಿಲ್ಲ. ಚಿತ್ತಾಲರ ‘ಶಿಕಾರಿ’ಯ (1979) ಪುಟಗಳನ್ನು ಮುಂಬಯಿಯ ಚಿತ್ರಗಳ ಮೇಲೆ ಓದೋಣ ಅಂದವರಿಗೂ ಇದೇ ಉತ್ತರ. ಅವರು ತೀರಿಕೊಂಡದ್ದು 2014ರಲ್ಲಿ, ಲೇಖಕರ ನಂತರ 60 ವರ್ಷ ಹಕ್ಕು ಇರುತ್ತದೆ, ಅಂದರೆ 2074ರ ಕೊನೆಯವರೆಗೆ. ಆಗ ನಾನು ಈಗಿನ ದೊಡ್ಡಪ್ಪನ ವಯಸ್ಸಿನವನು. ಅನುಮತಿ ಕೇಳಿ ಒಂದು ಕಾಗದ ಬರೆಯುವುದು ಅದಕ್ಕಿಂತ ಬೇಗ ಆಗುವ ಕೆಲಸ.

ಆ ನಲವತ್ತು ನಿಮಿಷವನ್ನು ಸಂಘದ ಕಂಪ್ಯೂಟರಿನಿಂದ ನಾನೇ ತೆಗೆದಿದ್ದೇನೆ. ಯಾರಾದರೂ ಫೋನಿಗೆ ಇಳಿಸಿಕೊಂಡಿದ್ದರೆ ಅವರೂ ತೆಗೆದುಹಾಕಬೇಕು ಅಂತ ವಿನಂತಿ. ಒಂದು ಪ್ರತಿ ದೊಡ್ಡಪ್ಪನ ಹತ್ತಿರ ಇದೆ. ಮೊನ್ನೆ ರಾತ್ರಿ ದೊಡ್ಡಮ್ಮನಿಗೆ ಕೇಳಿಸುತ್ತಿದ್ದರು.

ಮುಂದಿನ ಶನಿವಾರದ ಸಭೆಗೆ ಅವರು ತಾವೇ ಬರುತ್ತೇನೆ ಅಂದಿದ್ದಾರೆ. ರೆಕಾರ್ಡಿಗಲ್ಲ. ನಮ್ಮ ಕಥೆಯಲ್ಲಿ ಮಾಣಿ ಅಡುಗೆಮನೆಗೆ ಆರ್ಡರು ಕೂಗುವ ರೀತಿ ಪೂರ್ತಿ ತಪ್ಪಂತೆ, ಆ ಕಾಲದಲ್ಲಿ ಹಾಗೆ ಕೂಗಿದವನಿಗೆ ಭಟ್ರು ಸೌಟಿನಲ್ಲಿ ಕೊಡುತ್ತಿದ್ದರಂತೆ. ಸರಿಯಾಗಿ ಕೂಗುವುದು ಹೇಗೆ ಅಂತ ತೋರಿಸಿಕೊಡುತ್ತಾರೆ, ಪಾತ್ರ ಮಾಡುವವನು ಕಲಿತುಕೊಳ್ಳಬೇಕು. ನಾಲ್ಕಕ್ಕೆ ಸರಿಯಾಗಿ ಬನ್ನಿ, ಅವರಿಗೆ ಆರೂಕಾಲಿನ ಗಾಡಿ ಹಿಡಿಯಲಿಕ್ಕಿದೆ. ಮತ್ತೆ, ನಮ್ಮ ಕ್ಯಾಂಟೀನಿನ ಚಹಾವನ್ನು ಅವರಿಗೆ ಕೊಡಬೇಡಿ, ಮರ್ಯಾದೆ ಹೋದೀತು.