ಮಗು ರಸ್ತೆಗಿಳಿದಾಗ ಹೊಣೆ ಯಾರದು?

ರಸ್ತೆ ದಾಟುವ ಮಗುವಿಗೆ ವಾಹನ ಬಡಿದರೆ ಹೊಣೆ ಯಾರದು, ಎಷ್ಟು ಎಂಬುದನ್ನು ಒಂದೊಂದು ದೇಶದ ಕಾನೂನು ಒಂದೊಂದು ರೀತಿ ತೀರ್ಮಾನಿಸಿದೆ. ಭಾರತದಲ್ಲಿ ಅದು ಬಹುಮಟ್ಟಿಗೆ ಆಯಾ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ವಿವೇಚನೆಗೆ ಬಿಟ್ಟ ವಿಷಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಪಾದಚಾರಿಗಳು 32,825, ಹದಿನೆಂಟು ತುಂಬದವರು 9,528. ಜಗತ್ತಿನಾದ್ಯಂತ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಇಷ್ಟಾದರೂ ಅಪಘಾತ ನಡೆದ ಜಾಗದಲ್ಲಿ ಕೇಳಿಬರುವ ಮಾತು ಎರಡೇ: ‘ಡ್ರೈವರ್‌ಗೆ ಕಣ್ಣು ಕಾಣಲಿಲ್ವಾ?’ ಮತ್ತು ‘ಮಗೂನ ಹಾಗೆ ರಸ್ತೆಗೆ ಬಿಡೋದಾ?’ ಆ ರಸ್ತೆಯನ್ನು ಹಾಗೆ ಕಟ್ಟಿದವರ ಮಾತು ಅಲ್ಲಿ ಬರುವುದೇ ಇಲ್ಲ.

ಹೊಣೆ ಹಂಚುವ ಮುನ್ನ ಮಗುವಿನ ಶಕ್ತಿ ಎಷ್ಟು ಎಂಬುದು ಗೊತ್ತಿರಬೇಕು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞೆ ಸ್ಟಿನಾ ಸ್ಯಾಂಡೆಲ್ಸ್ 1960ರ ದಶಕದಲ್ಲಿ ಮಕ್ಕಳು ಸಂಚಾರದ ನಡುವೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಸುಮಾರು ಹತ್ತು ವರ್ಷದೊಳಗಿನ ಮಕ್ಕಳನ್ನು ವಾಹನ ಸಂಚಾರಕ್ಕೆ ಹೊಂದಿಕೊಳ್ಳುವಂತೆ ತಯಾರು ಮಾಡಲು ಆಗದು, ಸಂಚಾರವನ್ನೇ ಮಕ್ಕಳಿಗೆ ಹೊಂದಿಸಬೇಕು ಎಂಬುದು ಅವರು ತಲುಪಿದ ನಿಲುವು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೆ ಕಾಲೇಜಿನ ಸಂಶೋಧಕರು ಸುಮಾರು ಹದಿನೈದು ವರ್ಷದ ಹಿಂದೆ ಇದೇ ಮಾತಿಗೆ ಇನ್ನೊಂದು ಆಧಾರ ಒದಗಿಸಿದರು. ಎದುರಿನಿಂದ ಬರುವ ವಾಹನ ಹತ್ತಿರವಾಗುತ್ತಿದೆ ಎಂದು ತಿಳಿಯುವುದು ಕಣ್ಣಿಗೆ ಅದರ ಗಾತ್ರ ಹಿಗ್ಗುತ್ತ ಹೋಗುವುದರಿಂದ. ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮೀರಿದ ವೇಗದ ವಾಹನದಲ್ಲಿ ಈ ಹಿಗ್ಗುವಿಕೆಯನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಖಚಿತವಾಗಿ ಗುರುತಿಸಲಾರದು ಎಂದು ಅವರು ಕಂಡುಕೊಂಡರು. ಮಗು ಎಡಕ್ಕೂ ಬಲಕ್ಕೂ ನೋಡಿಯೇ ಹೆಜ್ಜೆ ಇಟ್ಟಿರಬಹುದು. ದೂರದ ಕಾರು ನಿಂತಲ್ಲೇ ನಿಂತಂತೆ ಅದಕ್ಕೆ ಕಂಡಿರುತ್ತದೆ. ಇದರ ಜೊತೆಗೆ ಎತ್ತರದ ಕೊರತೆ. ನಿಲ್ಲಿಸಿದ ಕಾರಿನ ಆಚೆ ಏನಿದೆ ಎಂಬುದು ಮೂರೂವರೆ ಅಡಿ ಎತ್ತರದ ಮಗುವಿಗೆ ಕಾಣುವುದಿಲ್ಲ. ಲಾರಿಯ ಮೂತಿಗೆ ಅಂಟಿಕೊಂಡಂತೆ ನಿಂತ ಮಗು ಚಾಲಕನಿಗೂ ಕಾಣುವುದಿಲ್ಲ.

ವಾಹನದ ಕಡೆಯ ಲೆಕ್ಕ ಶುದ್ಧ ಗಣಿತ. ಗಂಟೆಗೆ 30 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಸಾಗುತ್ತದೆ. ಚಾಲಕ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಹಿಡಿಯಿತು, ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ ಎಂದಿಟ್ಟುಕೊಂಡರೆ ಅದು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರ ವೇಗದಲ್ಲಾದರೆ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಹದಿನಾಲ್ಕು ಮೀಟರು ಮುಗಿದಿರುತ್ತದೆ, ಪೂರ್ತಿ ನಿಲ್ಲಲು ಸುಮಾರು 28 ಮೀಟರು ಬೇಕು. ಹದಿಮೂರು ಮೀಟರು ಮುಂದೆ ಮಗು ರಸ್ತೆಗಿಳಿದರೆ ಮೊದಲ ಕಾರು ಹೆಚ್ಚುಕಮ್ಮಿ ಮಗುವಿನ ಬಳಿಯೇ ನಿಂತುಬಿಡುತ್ತದೆ, ಎರಡನೆಯದು ವೇಗ ಒಂದಿಷ್ಟೂ ತಗ್ಗದೆ ಬಡಿಯುತ್ತದೆ. ಎರಡೂ ಕಡೆ ಮಗು ಮಾಡಿದ ತಪ್ಪು ಒಂದೇ.

ಮಕ್ಕಳಿಗೇ ಬುದ್ಧಿ ಕಲಿಸಿದರೆ ಸಾಕು ಎಂಬ ನಂಬಿಕೆ ಬೆಳೆದದ್ದು ಕಾರಿನ ಜೊತೆಗೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ನಗರಗಳಲ್ಲಿ ರಸ್ತೆ ಎಲ್ಲರದೂ ಆಗಿತ್ತು, ಮಕ್ಕಳು ಅಲ್ಲೇ ಆಡುತ್ತಿದ್ದರು. ಕಾರಿಗೆ ಸಿಕ್ಕಿ ಮಕ್ಕಳು ಸತ್ತಾಗ ಊರಿಗೆ ಊರೇ ಚಾಲಕರ ವಿರುದ್ಧ ತಿರುಗಿ ಬೀಳುತ್ತಿತ್ತು. ಬಾಲ್ಟಿಮೋರ್‌ನಲ್ಲಿ 1922ರಲ್ಲಿ ಹಾಗೆ ಸತ್ತ ಮಕ್ಕಳಿಗೆಂದೇ ಸ್ಮಾರಕ ನಿಲ್ಲಿಸಲಾಯಿತು. ಮರುವರ್ಷ ಸಿನ್ಸಿನಾಟಿಯಲ್ಲಿ ಕಾರು 25 ಮೈಲಿ ಮೀರಿ ಓಡದಂತೆ ಯಂತ್ರವನ್ನೇ ಕಟ್ಟಿಹಾಕಬೇಕೆಂದು 42 ಸಾವಿರ ಮಂದಿ ಸಹಿ ಹಾಕಿದರು. ವಾಹನ ಉದ್ಯಮ ಬೆಚ್ಚಿಬಿತ್ತು, ಭಾರಿ ಪ್ರಚಾರ ನಡೆಸಿತು, ಮತದಾನದಲ್ಲಿ ಪ್ರಸ್ತಾವ ಬಿದ್ದುಹೋಯಿತು. ಅಲ್ಲಿಂದ ಮುಂದೆ ಕಂಡಕಂಡಲ್ಲಿ ರಸ್ತೆ ದಾಟುವವನೇ ಅಪರಾಧಿಯಾದ. ಶಾಲೆಗಳಲ್ಲಿ ರಸ್ತೆ ಸುರಕ್ಷತೆಯ ಪಾಠ ಬಂತು. ಬ್ರಿಟನ್ನಿನಲ್ಲಿ 1953ರಿಂದ ಟಫ್ಟಿ ಎಂಬ ಅಳಿಲಿನ ಕತೆ ಹೇಳಿ ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸಿದರು. ಪಾಠದಿಂದ ಉಪಯೋಗವೇ ಇಲ್ಲ ಎಂದಲ್ಲ. ಆದರೆ ಪಾಠ ಹೇಳಿಯಾಯಿತು ಎಂದಮೇಲೆ ಸತ್ತ ಮಗು ಪಾಠ ಕಲಿಯದ ಮಗುವಾಗಿಬಿಡುತ್ತದೆ.

ನೆದರ್ಲೆಂಡ್ಸ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಆ ಪುಟ್ಟ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸತ್ತರು, ಅವರಲ್ಲಿ ನೂರಾರು ಮಕ್ಕಳಿದ್ದರು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬರೆದ ಲೇಖನ ಚಳವಳಿಯಾಯಿತು. ತಾಯಂದಿರು, ಮಕ್ಕಳು ರಸ್ತೆಗಳಲ್ಲಿ ಕುಳಿತರು. ಡೆಲ್ಫ್ಟ್ ನಗರದಲ್ಲಿ ಮೊಳೆತಿದ್ದ ಒಂದು ಪ್ರಯೋಗಕ್ಕೆ 1976ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು: ವಸತಿ ಬೀದಿಯಲ್ಲಿ ಮಕ್ಕಳು ಆಡಬಹುದು, ಕಾರು ಮನುಷ್ಯ ನಡೆಯುವ ವೇಗದಲ್ಲಿ ಹೋಗಬೇಕು. ಹೊಣೆಯ ಕಾನೂನೂ ಬದಲಾಯಿತು. ಹದಿನಾಲ್ಕು ತುಂಬದ ಮಗು ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಇದ್ದಾಗ ವಾಹನ ಬಡಿದರೆ, ಮಗುವಿನ ತಪ್ಪನ್ನು ಮುಂದಿಟ್ಟು ಪರಿಹಾರ ಕಡಿತ ಮಾಡುವಂತಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ 1990ರ ಆಸುಪಾಸಿನಲ್ಲಿ ತೀರ್ಮಾನಿಸಿತು.

ಫ್ರಾನ್ಸ್ ಇದನ್ನು ಶಾಸನದಲ್ಲೇ ಬರೆದುಕೊಂಡಿದೆ. ಮರಣದಂಡನೆ ರದ್ದುಗೊಳಿಸಿ ಹೆಸರಾದ ನ್ಯಾಯ ಸಚಿವ ರೋಬೇರ್ ಬಾದಿಂತೇರ್ 1985ರ ಜುಲೈಯಲ್ಲಿ ತಂದ ಕಾನೂನಿನಂತೆ, ಹದಿನಾರರೊಳಗಿನವರು ಮತ್ತು ಎಪ್ಪತ್ತು ದಾಟಿದವರು ವಾಹನ ನಡೆಸದೆ ಗಾಯಗೊಂಡರೆ ಪರಿಹಾರ ಸಿಕ್ಕೇ ಸಿಗುತ್ತದೆ. ಬೇಕೆಂದೇ ಗಾಯ ಮಾಡಿಕೊಂಡದ್ದೊಂದೇ ಅಪವಾದ. ಜರ್ಮನಿ 2002ರಲ್ಲಿ ವಯಸ್ಸಿನ ಗೆರೆಯನ್ನು ಏಳರಿಂದ ಹತ್ತಕ್ಕೆ ಏರಿಸಿತು: ಹತ್ತು ತುಂಬದ ಮಗು ವಾಹನ ಅಪಘಾತದಲ್ಲಿ ಆದ ಹಾನಿಗೆ, ಉದ್ದೇಶಪೂರ್ವಕ ಅಲ್ಲದಿದ್ದರೆ, ಹೊಣೆಯಲ್ಲ. ಮಕ್ಕಳು ಕಂಡರೆ ವೇಗ ತಗ್ಗಿಸಿ ಬ್ರೇಕಿಗೆ ಸಿದ್ಧನಾಗಿ ಅಪಾಯವೇ ಇಲ್ಲದಂತೆ ನಡೆಸಬೇಕೆಂದು ಅಲ್ಲಿನ ಸಂಚಾರ ನಿಯಮ ಚಾಲಕನಿಗೆ ಹೇಳುತ್ತದೆ.

ವಯಸ್ಸಿನ ಗೆರೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಒಳ್ಳೆಯ ಉದಾಹರಣೆ. 2004ರ ಜನವರಿಯ ಒಂದು ಸಂಜೆ, ಮಬ್ಬುಗತ್ತಲು ಕವಿಯುವ ಹೊತ್ತು, ಸ್ಕಾಟ್ಲೆಂಡಿನ ಹಳ್ಳಿಗಾಡಿನ ರಸ್ತೆಯಲ್ಲಿ ಶಾಲೆಯ ಮಿನಿಬಸ್ಸು ನಿಂತಿತು. ಹದಿಮೂರರ ಹುಡುಗಿ ಇಳಿದು ಬಸ್ಸಿನ ಹಿಂಬದಿಯಿಂದ ರಸ್ತೆಗೆ ಕಾಲಿಟ್ಟಳು. ಎದುರು ದಿಕ್ಕಿನಿಂದ ಗಂಟೆಗೆ ಸುಮಾರು 50 ಮೈಲಿ ವೇಗದಲ್ಲಿ ಬಂದ ಕಾರು ಬಡಿದು ಆಕೆ ತೀವ್ರವಾಗಿ ಗಾಯಗೊಂಡಳು. ಕಾರಿನ ವೇಗ ರಸ್ತೆಯ ಮಿತಿಯೊಳಗೇ ಇತ್ತು. ಬಸ್ಸಿನ ಎಚ್ಚರಿಕೆ ದೀಪಗಳು ಮಿನುಗುತ್ತಿದ್ದವು, ಚಾಲಕ ಬಸ್ಸನ್ನು ನೋಡಿಯೂ ಇದ್ದ. ಅದರ ಹಿಂದಿನಿಂದ ಮಗು ಬರಬಹುದೆಂದು ಮಾತ್ರ ಅವನಿಗೆ ತೋಚಲಿಲ್ಲ, ವೇಗ ತಗ್ಗಿಸಲಿಲ್ಲ. ಮೊದಲ ನ್ಯಾಯಾಧೀಶರು ಹುಡುಗಿಯ ಪಾಲು ಶೇ 90 ಎಂದರು. ಮೇಲ್ಮನವಿಯಲ್ಲಿ ಅದು 70ಕ್ಕೆ ಇಳಿಯಿತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 3–2ರ ಬಹುಮತದಿಂದ 50ಕ್ಕೆ ಇಳಿಸಿತು. ಘಟನೆ ಅದೇ, ಸಾಕ್ಷ್ಯ ಅದೇ. ಹೊಣೆಯ ಪಾಲು ಮಾತ್ರ ನ್ಯಾಯಪೀಠಕ್ಕೊಂದು. ಕೊನೆಯ ತೀರ್ಪು ಬರುವ ಹೊತ್ತಿಗೆ ಹುಡುಗಿಗೆ ಇಪ್ಪತ್ತನಾಲ್ಕಾಗಿತ್ತು. ಬಸ್ಸು ನಿಂತ ಕಡೆ ಮಗು ಕಾಣಿಸಿಕೊಳ್ಳುವುದು ಅನಿರೀಕ್ಷಿತ ಎಂದು ಒಪ್ಪುವುದು ಕಷ್ಟ. ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ದಾಟಿಕೊಂಡು ಹೋಗುವುದನ್ನು ಅಮೆರಿಕದ ಐವತ್ತೂ ರಾಜ್ಯಗಳು ಅಪರಾಧವಾಗಿಸಿರುವುದು ಇದೇ ಕಾರಣಕ್ಕೆ.

ಭಾರತದ ಕಾನೂನು ಈ ವಿಷಯದಲ್ಲಿ ಅರ್ಧ ದಾರಿಗೆ ಬಂದು ನಿಂತಿದೆ. ಏಳು ತುಂಬದ ಮಗು ಮಾಡಿದ್ದು ಅಪರಾಧವಲ್ಲ, ಏಳರಿಂದ ಹನ್ನೆರಡರವರೆಗೆ ತಿಳಿವಳಿಕೆ ನೋಡಬೇಕು ಎಂದು ದಂಡ ಸಂಹಿತೆ ಹೇಳುತ್ತಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಪರಿಹಾರದ ಲೆಕ್ಕದಲ್ಲಿ ಮಾತ್ರ ಅಂಥ ಗೆರೆ ಇಲ್ಲ. ತೀರ ಎಳೆಯ ಮಗುವಿನ ಮೇಲೆ ನಿರ್ಲಕ್ಷ್ಯ ಹೊರಿಸಲಾಗದು ಎಂಬುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಹತ್ತು, ಹನ್ನೆರಡರ ಮಕ್ಕಳ ವಿಷಯದಲ್ಲಿ ವಾದ ಶುರುವಾಗುತ್ತದೆ. ಮಂಡ್ಯ ಜಿಲ್ಲೆಯಿಂದ ಬಂದು ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ 1987ರಲ್ಲಿ ಗುಜರಾತ್ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಈ ವಿಷಯವನ್ನು ಮುಟ್ಟಿದ್ದರು. ಸತ್ತವನು ಹದಿನಾಲ್ಕರ ಹುಡುಗ. ತನ್ನ ತಪ್ಪಿಲ್ಲದೆ ಗಾಯಗೊಂಡ ಅಥವಾ ಸತ್ತ ಪಾದಚಾರಿಗೆ, ಚಾಲಕನ ತಪ್ಪಿರಲಿ ಇಲ್ಲದಿರಲಿ, ಪರಿಹಾರ ಸಿಗಬೇಕು, ಇಲ್ಲವಾದರೆ ಸಾಮಾಜಿಕ ನ್ಯಾಯಕ್ಕೆ ಅರ್ಥವಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ‘ತನ್ನ ತಪ್ಪಿಲ್ಲದೆ’ ಎಂಬ ಷರತ್ತಿನಿಂದ ದೊಡ್ಡವರಿಗೂ ಮಕ್ಕಳಿಗೂ ಒಂದೇ ಅಳತೆ ಹಿಡಿದಂತಾಗುತ್ತದೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್‌ನಡಿ ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ. ಇದು ಜಾರಿಗೆ ಬಂದದ್ದು 2022ರ ಏಪ್ರಿಲ್‌ 1ರಿಂದ. ಈ ಮೊತ್ತ ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ಅರ್ಜಿ ಬಿದ್ದುಹೋಗುತ್ತದೆ. ಕಾಲು ಕಳೆದುಕೊಂಡ ಎಂಟು ವರ್ಷದ ಮಗುವಿಗೆ ಇನ್ನು ಐವತ್ತು, ಅರವತ್ತು ವರ್ಷದ ಖರ್ಚಿದೆ. ಎರಡೂವರೆ ಲಕ್ಷ ಮೊದಲ ಶಸ್ತ್ರಚಿಕಿತ್ಸೆಗೇ ಮುಗಿಯಬಹುದು. ಅದಕ್ಕಿಂತ ಹೆಚ್ಚು ಬೇಕೆಂದರೆ ತಪ್ಪು ಯಾರದೆಂದು ತೋರಿಸಿ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವ 166ನೇ ಸೆಕ್ಷನ್ನಿಗೇ ಹೋಗಬೇಕು, ಅಲ್ಲಿ ವಿಮಾ ಕಂಪನಿಯ ವಕೀಲರು ಮಗು ಹಠಾತ್ತನೆ ಅಡ್ಡ ಬಂತು ಎಂದೇ ವಾದ ಆರಂಭಿಸುತ್ತಾರೆ. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಅಂಗವೈಕಲ್ಯಕ್ಕೊಳಗಾದ ಮಕ್ಕಳಿಗೆ ಶೇಕಡಾವಾರು ಒಂದು ಪಟ್ಟಿ ಹಾಕಿಕೊಟ್ಟಿತು. ಶೇ 10ರಿಂದ 30ರಷ್ಟು ವೈಕಲ್ಯಕ್ಕೆ 3 ಲಕ್ಷ, ಶೇ 90 ಮೀರಿದರೆ 6 ಲಕ್ಷ. ಎಷ್ಟು ಕೊಡಬೇಕೆಂಬುದಕ್ಕೆ ಅದು ದಾರಿ ತೋರಿಸಿತು, ಎಷ್ಟು ಕಡಿಯಬಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಚಾಲಕರ ಆಕ್ಷೇಪವೂ ಇದೆ, ಅದು ಹುರುಳಿಲ್ಲದ್ದಲ್ಲ. ದಿನಕ್ಕೆ ಹನ್ನೆರಡು ಗಂಟೆ ಲಾರಿ ಓಡಿಸುವವನು, ಮಿತಿಯೊಳಗಿನ ವೇಗದಲ್ಲಿ ಹೋಗುತ್ತಿರುವಾಗ ಡಿವೈಡರ್ ಹಾರಿ ಮಗು ಮುಂದೆ ಬಿದ್ದರೆ ಜೈಲಿಗೆ ಹೋಗಬೇಕೇ? ಹೋಗಬಾರದು. ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಕೇಳುವುದು ಅಜಾಗರೂಕತೆ, ನಿರ್ಲಕ್ಷ್ಯವನ್ನು. ಶಿಕ್ಷೆಯ ಪ್ರಶ್ನೆಯನ್ನೂ ಪರಿಹಾರದ ಪ್ರಶ್ನೆಯನ್ನೂ ಬೇರೆ ಮಾಡಿದ್ದೇ ಫ್ರಾನ್ಸ್, ನೆದರ್ಲೆಂಡ್ಸ್‌ಗಳ ಜಾಣತನ. ಪರಿಹಾರ ಕೊಡುವುದು ವಿಮೆ, ಆ ವಿಮೆಯ ಕಂತು ಕಟ್ಟುವವರು ರಸ್ತೆಗೆ ವಾಹನ ಇಳಿಸಿ ಲಾಭ ಪಡೆಯುವವರೆಲ್ಲರೂ. ಶಿಕ್ಷೆ, ಪರಿಹಾರಗಳನ್ನು ಬೇರೆ ಮಾಡದ ಕಡೆ ಚಾಲಕ ಗುಂಪಿನ ಹೊಡೆತಕ್ಕೆ ಹೆದರಿ ಓಡಿಹೋಗುತ್ತಾನೆ, ಗಾಯಗೊಂಡ ಮಗು ಅಲ್ಲೇ ಉಳಿಯುತ್ತದೆ. ತಾಯಿತಂದೆಯರನ್ನು ದೂರುವ ವಾದಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ಕೂಲಿಗೆ ಹೋಗುವವರು ಮಗುವಿನ ಕೈ ಹಿಡಿದು ಶಾಲೆಗೆ ಬಿಡುವುದು ಎಷ್ಟು ದಿನ ಸಾಧ್ಯ?

ಇನ್ನು ರಸ್ತೆ. ಕರ್ನಾಟಕದ ರಾಜ್ಯ ಹೆದ್ದಾರಿಗಳ ಬದಿಯ ಅನೇಕ ಊರುಗಳಲ್ಲಿ ಶಾಲೆಯ ಗೇಟು ನೇರ ಡಾಂಬರಿಗೇ ತೆರೆದುಕೊಳ್ಳುತ್ತದೆ. ಬಸ್‌ಸ್ಟಾಪು ಒಂದು ಬದಿ, ಊರು ಇನ್ನೊಂದು ಬದಿ. ಸಂಜೆ ಬಸ್ಸು ನಿಲ್ಲುತ್ತದೆ, ಬೆನ್ನಿಗೆ ಬ್ಯಾಗು ಹೊತ್ತ ಮಕ್ಕಳು ಇಳಿದು ಬಸ್ಸಿನ ಹಿಂದಿನಿಂದಲೇ ಆಚೆ ಓಡುತ್ತಾರೆ, ಎದುರಿನಿಂದ ಬರುವವನು ಹಾರ್ನ್ ಹೊಡೆಯುತ್ತಾನೆ, ಆಕ್ಸಿಲರೇಟರಿನಿಂದ ಕಾಲು ತೆಗೆಯುವುದಿಲ್ಲ. ‘ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ’ ಎಂಬ ಫಲಕ ಅಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಫುಟ್‌ಪಾತ್ ಇದೆ, ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಇದೆ, ಸ್ಕೂಟರುಗಳಿವೆ, ಚರಂಡಿಯ ಚಪ್ಪಡಿ ಎದ್ದಿದೆ. ಮಗು ರಸ್ತೆಗಿಳಿದೇ ನಡೆಯಬೇಕು. ಊರಲ್ಲಿ ಮಗು ಸತ್ತ ಮರುದಿನ ರಸ್ತೆ ತಡೆ ನಡೆಯುತ್ತದೆ, ಅದರ ಮರುದಿನ ಹಂಪ್ಸ್ ಬೀಳುತ್ತದೆ. ಗಂಟೆಗೆ 25 ಕಿ.ಮೀ. ವೇಗಕ್ಕೆ 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರದ ಉಬ್ಬು ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ರಾತ್ರೋರಾತ್ರಿ ಬೀಳುವ ಹಂಪ್ಸ್‌ಗೆ ಈ ಅಳತೆಯ ಹಂಗಿಲ್ಲ, ಬಣ್ಣವೂ ಇಲ್ಲ. ಮುಂದಿನ ವಾರ ಬೈಕಿನವನೊಬ್ಬ ಅದರ ಮೇಲೆ ಬೀಳುತ್ತಾನೆ.

ವೇಗವನ್ನು ನಿಜವಾಗಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು–ಮೈಸೂರು ಹೆದ್ದಾರಿ ತೋರಿಸಿದೆ. 2023ರ ಆಗಸ್ಟ್‌ನಲ್ಲಿ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳ ಪ್ರವೇಶ ನಿಂತಿತು, ವೇಗ ಅಳೆಯುವ ಕ್ಯಾಮೆರಾಗಳು ಬಂದವು, ಸಾವು ಗಣನೀಯವಾಗಿ ಇಳಿಯಿತು. ಚಾಲಕರ ಮನಸ್ಸು ಒಂದೇ ವರ್ಷದಲ್ಲಿ ಬದಲಾಗಿರಲಾರದು, ದಂಡದ ರಸೀದಿ ಮನೆಗೆ ಬರತೊಡಗಿತು ಅಷ್ಟೆ.

ರಸ್ತೆ ಕಟ್ಟಿದವರನ್ನು ಹೊಣೆಗಾರರನ್ನಾಗಿಸುವ ದಾರಿ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. 198ಎ ಸೆಕ್ಷನ್ನಿನಂತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಕಿಲೋಮೀಟರಿಗೆ ಕೋಟಿಗಟ್ಟಲೆ ಬಿಲ್ಲಾಗುವ ಕಾಮಗಾರಿಯಲ್ಲಿ ಈ ಮೊತ್ತ ಯಾರ ನಿದ್ದೆಯನ್ನೂ ಕೆಡಿಸದು. ಪಾದಚಾರಿಗಳ ಸಂಚಾರಕ್ಕೆ ನಿಯಮ ರೂಪಿಸುವ ಅಧಿಕಾರವನ್ನು 138(1ಎ) ರಾಜ್ಯಗಳಿಗೆ ಕೊಟ್ಟಿದೆ. ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು 2025ರ ಮೇ ತಿಂಗಳಲ್ಲಿ ಹೇಳಿದ ಸುಪ್ರೀಂ ಕೋರ್ಟು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ನಿಯಮಗಳನ್ನು ಆರು ತಿಂಗಳಲ್ಲಿ ರೂಪಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದ ನಿಯಮ ಪಾದಚಾರಿ ಎಲ್ಲಿ ದಾಟಬಾರದು ಎಂಬ ಪಟ್ಟಿಯಾಗಿ ಮುಗಿದರೆ ಹೊಣೆ ಮತ್ತೆ ಮಗುವಿನ ತಲೆಗೇ ಬರುತ್ತದೆ. ಶಾಲೆಯ ಗೇಟಿನಿಂದ ಇಂತಿಷ್ಟು ದೂರದೊಳಗೆ ಎತ್ತರಿಸಿದ ಜೀಬ್ರಾ ದಾರಿ, ಬಸ್‌ಸ್ಟಾಪಿನ ಜಾಗ, ನಿಂತ ಶಾಲಾ ಬಸ್ಸನ್ನು ದಾಟಿ ಹೋಗದಂತೆ ತಡೆ, ಇವನ್ನು ಮಾಡಿಸಬೇಕಾದ ಅಧಿಕಾರಿಯ ಹುದ್ದೆ ಯಾವುದು ಎಂಬುದು ಅದರಲ್ಲಿ ಬರೆದಿರಬೇಕು. ಇಂತಿಷ್ಟು ವಯಸ್ಸಿನೊಳಗಿನ ಮಗುವಿನ ಪರಿಹಾರದಲ್ಲಿ ಕಡಿತ ಇಲ್ಲ ಎಂಬ ಸಾಲು ಮಾತ್ರ ರಾಜ್ಯದ ನಿಯಮದಲ್ಲಿ ಬರೆಯುವಂಥದ್ದಲ್ಲ. ಅದಕ್ಕೆ 166ನೇ ಸೆಕ್ಷನ್ನಿಗೆ ಸಂಸತ್ತೇ ತಿದ್ದುಪಡಿ ತರಬೇಕು.