ಹಳದಿ ಗೆರೆಯ ಈಚೆ

ಮಗನೋ ಮಗಳೋ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾರೆ, ಮೂರು ತಿಂಗಳು ಹೋಗಿ ಇದ್ದು ಬರುತ್ತೇವೆ ಎನ್ನುವ ತಂದೆ-ತಾಯಿ ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಹಾಸನ, ಶಿವಮೊಗ್ಗ, ಧಾರವಾಡಗಳಲ್ಲೂ ಸಿಗುತ್ತಾರೆ. ಬಂದವರನ್ನು ಮಾತಿಗೆಳೆದರೆ ಎರಡು ಬಗೆಯವರು ಕಾಣುತ್ತಾರೆ. ಒಬ್ಬರು ಊರೆಲ್ಲ ತಿರುಗಿ ಬಂದಿರುತ್ತಾರೆ. ಇನ್ನೊಬ್ಬರು ಮಕ್ಕಳು ಆಫೀಸಿಗೆ ಹೊರಟ ಮೇಲೆ ಕಿಟಕಿಯ ಪಕ್ಕ ಕುಳಿತು ದಿನ ಎಣಿಸಿ ಬಂದಿರುತ್ತಾರೆ. 'ಆ ನೆಲದೊಳಗಿನ ರೈಲು ನೆನೆಸಿಕೊಂಡರೇ ಎದೆ ಹೊಡೆದುಕೊಳ್ಳುತ್ತೆ ಸಾರ್, ಮಕ್ಕಳು ಕರೆದುಕೊಂಡು ಹೋದಾಗ ಹೋದದ್ದಷ್ಟೇ' ಎನ್ನುತ್ತಾರೆ.

ಲಂಡನ್ನಿನವರು ಟ್ಯೂಬ್ ಎಂದು ಕರೆಯುವ ಈ ರೈಲು 1863ರ ಜನವರಿ 10ರಂದು ಜನರಿಗೆ ತೆರೆಯಿತು. ನೆಲದಡಿಯ ರೈಲುಗಳಲ್ಲಿ ಜಗತ್ತಿಗೇ ಮೊದಲನೆಯದು. ಆಗ ಸುರಂಗದೊಳಗೆ ಉಗಿ ಎಂಜಿನ್ ಹೊಗೆ ಕಾರುತ್ತ ಓಡುತ್ತಿತ್ತು. ಆಳದ ಸುರಂಗಕ್ಕೆ ವಿದ್ಯುತ್ ರೈಲು ಬಂದದ್ದು 1890ರಲ್ಲಿ. ಇಂದು 270ಕ್ಕೂ ಹೆಚ್ಚು ನಿಲ್ದಾಣಗಳಿವೆ, ಅರ್ಧಕ್ಕಿಂತ ಹೆಚ್ಚು ಹಾದಿ ನೆಲದ ಮೇಲೆಯೇ ಇದೆ. ಅಲ್ಲಿ ಗೋಡೆಗೋಡೆಗೂ ಎಚ್ಚರಿಕೆಯ ಫಲಕಗಳು. ಓದಿದವರಿಗೆ ಇದೇನೋ ಅಪಾಯದ ಜಾಗ ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ಫಲಕಗಳ ಹಿಂದೆ ಒಂದೋ ಭೌತಶಾಸ್ತ್ರದ ನಿಯಮವಿದೆ, ಇಲ್ಲವೇ ಹಿಂದೆಂದೋ ನಡೆದ ಒಂದು ದುರಂತವಿದೆ. ಆ ಕಾರಣ ತಿಳಿದುಕೊಂಡರೆ ಭಯವೂ ಕಡಿಮೆಯಾಗುತ್ತದೆ, ಉಡಾಫೆಯೂ ಕಡಿಮೆಯಾಗುತ್ತದೆ.

ಮೊದಲಿಗೆ ಗಾಳಿ. ಪ್ಲಾಟ್‌ಫಾರಂ ಮೇಲೆ ನಿಂತಾಗ ರೈಲು ಕಾಣುವ ಮೊದಲೇ ಮುಖಕ್ಕೆ ಗಾಳಿ ಬಡಿಯುತ್ತದೆ. ಆಳದ ಸುರಂಗಗಳು ರೈಲಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ, ಸುತ್ತ ಹೆಚ್ಚು ಜಾಗವಿಲ್ಲ. ಸೈಕಲ್ ಪಂಪಿನ ಹಿಡಿಯನ್ನು ಒತ್ತಿದರೆ ಗಾಳಿ ಮುಂದಕ್ಕೆ ನುಗ್ಗುವಂತೆ, ರೈಲು ತನ್ನ ಮುಂದಿರುವ ಗಾಳಿಯನ್ನು ತಳ್ಳಿಕೊಂಡೇ ಬರುತ್ತದೆ. ಟೋಪಿ ಹಾರಬಹುದು, ಬ್ರೇಕ್ ಹಾಕದ ಮಗುವಿನ ತಳ್ಳುಗಾಡಿ ಉರುಳಬಹುದು. ಹಾರಿದ್ದನ್ನು ಹಿಡಿಯಲು ಕೈ ಚಾಚುವುದೇ ಅಪಾಯ. ಈ ಗಾಳಿಯನ್ನು ಪುಕ್ಕಟೆ ಗಂಟೆ ಎಂದು ತಿಳಿಯಿರಿ. ಬೀಸಿದ ಕೂಡಲೇ ಹಳದಿ ಗೆರೆಯ ಈಚೆಗೆ ಇದ್ದೇವೆಯೇ ಎಂದು ಕಾಲ ಕೆಳಗೆ ನೋಡಿಕೊಳ್ಳಿ.

ರೈಲು ನಿಂತಿತು. 'ಮೈಂಡ್ ದ ಗ್ಯಾಪ್' ಎಂಬ ಧ್ವನಿ ಕೇಳಿಸುತ್ತದೆ. ಸಂದು ಇದೆ, ನೋಡಿಕೊಂಡು ಕಾಲಿಡಿ ಎಂದರ್ಥ. ಈ ಸಂದು ಏಕೆ? ಹಳೆಯ ಸುರಂಗಗಳನ್ನು ಕೊರೆಯುವಾಗ ಮೇಲಿನ ಕಟ್ಟಡಗಳ ಒಡೆಯರಿಗೆ ಪರಿಹಾರ ಕೊಡುವ ತಾಪತ್ರಯ ಬೇಡವೆಂದು ಆದಷ್ಟೂ ರಸ್ತೆಗಳ ಅಡಿಯಲ್ಲೇ ಕೊರೆದರು. ರಸ್ತೆ ತಿರುಗಿದಲ್ಲಿ ಸುರಂಗವೂ ತಿರುಗಿತು, ಕೆಲವೆಡೆ ಪ್ಲಾಟ್‌ಫಾರಂ ಕೂಡ ಬಾಗಿತು. ಬ್ಯಾಂಕ್ ಎಂಬ ನಿಲ್ದಾಣದಲ್ಲಿ ಸೆಂಟ್ರಲ್ ಮಾರ್ಗದ ಪ್ಲಾಟ್‌ಫಾರಂ ಇದಕ್ಕೆ ಒಳ್ಳೆಯ ಉದಾಹರಣೆ. ರೈಲಿನ ಡಬ್ಬಿ ಮಾತ್ರ ನೇರ. ಹೈಸ್ಕೂಲಿನ ರೇಖಾಗಣಿತ ನೆನಪಿಸಿಕೊಳ್ಳಿ. ಪ್ಲಾಟ್‌ಫಾರಂ ವೃತ್ತದ ಕಂಸ, ಡಬ್ಬಿ ಅದರ ಜ್ಯಾ. ಎರಡೂ ಎಲ್ಲ ಕಡೆಯೂ ಕೂಡಿಕೊಳ್ಳಲು ಸಾಧ್ಯವೇ ಇಲ್ಲ. ಒಂದು ಬಾಗಿಲಲ್ಲಿ ಬೆರಳಗಲದ ಸಂದಿದ್ದರೆ ಅದೇ ಡಬ್ಬಿಯ ಇನ್ನೊಂದು ಬಾಗಿಲಲ್ಲಿ ಗೇಣಗಲ ಇರಬಹುದು. ಆದ್ದರಿಂದ ಹಿಂದಿನ ನಿಲ್ದಾಣದಲ್ಲಿ ಸಲೀಸಾಗಿ ಹತ್ತಿದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಪ್ರತಿ ಸಲವೂ ಸಂದನ್ನು ಕಣ್ಣಾರೆ ನೋಡಿ, ದೊಡ್ಡ ಹೆಜ್ಜೆ ಇಡಿ. ಚಕ್ರದ ಸೂಟ್‌ಕೇಸನ್ನು ಎಳೆಯಬೇಡಿ, ಎತ್ತಿ ದಾಟಿಸಿ.

ಬಾಗಿಲು ಮುಚ್ಚುವ ಸದ್ದಾದ ಮೇಲೆ ನುಗ್ಗುವುದು ಬೇಡ. ನಮ್ಮ ಊರಿನ ಬಸ್ಸಿನಂತೆ 'ಹೋಲ್ಡಾನ್' ಎಂದು ಕೂಗಲು ಅಲ್ಲಿ ಕಂಡಕ್ಟರ್ ಇಲ್ಲ. ದಪ್ಪ ವಸ್ತು ಅಡ್ಡ ಬಂದರೆ ಬಾಗಿಲಿಗೆ ತಿಳಿಯುತ್ತದೆ. ಆದರೆ ಸೀರೆಯ ಸೆರಗು, ದುಪಟ್ಟಾ, ಬ್ಯಾಗಿನ ಪಟ್ಟಿಯಂಥ ತೆಳುವಾದವು ತಿಳಿಯದೇ ಹೋಗಬಹುದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತುವುದು ಲೇಸು. ಇನ್ನೊಂದು ರೈಲು ಕೆಲವೇ ನಿಮಿಷಗಳಲ್ಲಿ ಬರುತ್ತದೆ.

ಕೈಯಲ್ಲಿದ್ದ ಮೊಬೈಲ್ ಹಳಿಯ ಮೇಲೆ ಬಿತ್ತು ಎನ್ನಿ. ಮೂರು ಅಡಿ ಇಳಿದರೆ ಸಿಗುತ್ತದಲ್ಲ ಎಂಬ ಯೋಚನೆಯನ್ನೂ ಮಾಡಬಾರದು. ಅಲ್ಲಿ ಹಳಿಗಳನ್ನು ಎಣಿಸಿ ನೋಡಿ, ಎರಡಲ್ಲ, ನಾಲ್ಕು. ಎರಡರ ಮೇಲೆ ಚಕ್ರ ಓಡುತ್ತದೆ. ಉಳಿದೆರಡರಲ್ಲಿ ವಿದ್ಯುತ್ ಇದೆ. ಪಕ್ಕದ ಹಳಿ ಧನ 420 ವೋಲ್ಟ್, ನಡುವಿನದು ಋಣ 210 ವೋಲ್ಟ್, ಇವುಗಳ ನಡುವಿನ ಅಂತರ 630 ವೋಲ್ಟ್. ಕೆಲವು ಮಾರ್ಗಗಳಲ್ಲಿ ಇದನ್ನು 750ಕ್ಕೆ ಏರಿಸಿದ್ದಾರೆ. ನಮ್ಮ ಮನೆಯ ಸ್ವಿಚ್ಚಿನಲ್ಲಿರುವುದು 230. ವಿದ್ಯುತ್ತು ಮರಳಿ ಹೋಗಲು ಬೇರೆಯೇ ಹಳಿ ಏಕೆಂದರೆ, ಅದು ಸುರಂಗದ ಎರಕದ ಕಬ್ಬಿಣದ ಒಳಗೋಡೆಗೂ ಅಕ್ಕಪಕ್ಕದ ಕೊಳವೆಗಳಿಗೂ ಸೋರಿ ಲೋಹವನ್ನು ತಿಂದುಹಾಕಬಾರದೆಂದು. ತಂತಿ ತಲೆಯ ಮೇಲಿದ್ದರೆ ಮನುಷ್ಯ ಹೆದರುತ್ತಾನೆ, ಕಾಲಡಿಯ ಕಬ್ಬಿಣಕ್ಕೆ ಹೆದರುವುದಿಲ್ಲ. ಅದೇ ಮೋಸ. ಸಿಬ್ಬಂದಿಗೆ ಹೇಳಿ, ತೆಗೆಸಿಕೊಡುತ್ತಾರೆ.

ಇಷ್ಟಾದರೂ ಅಲ್ಲಿ ಪ್ರಯಾಣಿಕರಿಗೆ ಹೆಚ್ಚಾಗಿ ಪೆಟ್ಟಾಗುವುದು ರೈಲಿನಿಂದಲ್ಲ, ಮೆಟ್ಟಿಲು ಮತ್ತು ಎಸ್ಕಲೇಟರುಗಳಲ್ಲಿ ಬೀಳುವುದರಿಂದ. ಎಸ್ಕಲೇಟರಿನ ಕೊನೆಯಲ್ಲಿ ಮೆಟ್ಟಿಲುಗಳು ಬಾಚಣಿಗೆಯ ಹಲ್ಲಿನಂಥ ಪಟ್ಟಿಯ ಕೆಳಗೆ ನುಸುಳುತ್ತವೆ. ಸೀರೆಯ ನಿರಿಗೆ, ಪಂಚೆಯ ಅಂಚು, ಮೆತ್ತನೆಯ ರಬ್ಬರ್ ಚಪ್ಪಲಿ ಅಲ್ಲಿ ಸಿಕ್ಕಿಕೊಳ್ಳಬಹುದು. ಒಂದು ಕೈ ಕಟಾಂಜನದ ಮೇಲಿರಲಿ, ಇನ್ನೊಂದು ಕೈಯಲ್ಲಿ ನಿರಿಗೆ ಎತ್ತಿ ಹಿಡಿಯಿರಿ. ಬಲಕ್ಕೆ ನಿಲ್ಲುವುದು ಅಲ್ಲಿಯ ಪದ್ಧತಿ, ಎಡಭಾಗ ಅವಸರದವರಿಗೆ. ಇಳಿದ ಕೂಡಲೇ ದಾರಿ ಹುಡುಕಲು ಅಲ್ಲೇ ನಿಲ್ಲಬೇಡಿ. ನಿಮ್ಮ ಹಿಂದಿನವರನ್ನು ಯಂತ್ರ ತಂದು ನಿಮ್ಮ ಮೇಲೆಯೇ ಇಳಿಸುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಗೋಡೆಯ ಪಕ್ಕ ನಿಂತು ಫಲಕ ಓದಿ. ಮಂಡಿ ನೋವಿನವರು ಲಿಫ್ಟ್ ಬಿಟ್ಟು ಮೆಟ್ಟಿಲಿಗೆ ಹೋಗುವ ಮುನ್ನ ಅಲ್ಲಿ ಬರೆದಿರುವುದನ್ನು ಓದಬೇಕು. ಕವೆಂಟ್ ಗಾರ್ಡನ್ ನಿಲ್ದಾಣದ ಸುರುಳಿ ಮೆಟ್ಟಿಲು ಒಟ್ಟು 193.

ಮೆಟ್ಟಿಲಿನ ಮೇಲೆ ಒಬ್ಬರು ಬೀಳುವುದು ಎಷ್ಟು ದೊಡ್ಡ ಸಂಗತಿಯಾಗಬಹುದು? ಎರಡನೆಯ ಮಹಾಯುದ್ಧದಲ್ಲಿ, 1943ರ ಮಾರ್ಚ್ 3ರ ರಾತ್ರಿ, ಬೆತ್ನಲ್ ಗ್ರೀನ್ ಎಂಬ ಇನ್ನೂ ರೈಲು ಬಾರದ ನಿಲ್ದಾಣಕ್ಕೆ ಜನ ಆಶ್ರಯಕ್ಕಾಗಿ ಇಳಿಯುತ್ತಿದ್ದರು. ಮಂದ ಬೆಳಕು, ಒದ್ದೆ ಮೆಟ್ಟಿಲು. ಕೆಳಗೆ ಯಾರೋ ಮುಗ್ಗರಿಸಿದರು, ಹಿಂದಿನಿಂದ ಜನ ಇಳಿಯುತ್ತಲೇ ಇದ್ದರು. 173 ಮಂದಿ ಸತ್ತರು. ಒಂದು ಬಾಂಬೂ ಅಲ್ಲಿ ಬಿದ್ದಿರಲಿಲ್ಲ. ಗುಂಪಿನಲ್ಲಿ ಇಳಿಯುವಾಗ ಕೈ ಕಟಾಂಜನ ಬಿಡಬಾರದು, ಬಿದ್ದ ಕನ್ನಡಕಕ್ಕಾಗಿ ಬಗ್ಗಬಾರದು ಎನ್ನುವುದು ಇದಕ್ಕೇ.

ಇನ್ನೊಂದು ದಿನಾಂಕ 1987ರ ನವೆಂಬರ್ 18. ಕಿಂಗ್ಸ್ ಕ್ರಾಸ್ ನಿಲ್ದಾಣದ ಮರದ ಎಸ್ಕಲೇಟರಿನ ಸಂದಿಗೆ ಉರಿಯುವ ಬೆಂಕಿಕಡ್ಡಿಯೊಂದು ಬಿತ್ತು. ಕೆಳಗೆ ವರ್ಷಗಟ್ಟಲೆಯ ಗ್ರೀಸು, ಧೂಳು, ಜುಂಗು. ಮೊದಲು ಕಂಡದ್ದು ಸಣ್ಣ ಬೆಂಕಿ. ಓರೆಯಾದ ಕಾಲುವೆಯಂಥ ಆ ಜಾಗದಲ್ಲಿ ಜ್ವಾಲೆ ಮೇಲಕ್ಕೆ ನಿಲ್ಲುವ ಬದಲು ಮೆಟ್ಟಿಲಿಗೆ ಅಂಟಿಕೊಂಡು ಮಲಗಿ, ಮುಂದಿನ ಮರವನ್ನು ಕಾಯಿಸುತ್ತ ಸಾಗಿ, ಒಮ್ಮೆಲೇ ಮೇಲಿನ ಟಿಕೆಟ್ ಹಾಲಿಗೆ ಚಿಮ್ಮಿತು. 31 ಜನ ಸತ್ತರು. ಬೆಂಕಿ ಹೀಗೂ ವರ್ತಿಸುತ್ತದೆ ಎಂಬುದು ತಜ್ಞರಿಗೆ ಸ್ಪಷ್ಟವಾದದ್ದೇ ಈ ದುರಂತದ ತನಿಖೆಯಿಂದ. ಗಮನಿಸಬೇಕಾದದ್ದು, ನೆಲದಡಿಯ ನಿಲ್ದಾಣಗಳಲ್ಲಿ 1985ರಿಂದಲೇ ಧೂಮಪಾನ ನಿಷೇಧವಿತ್ತು. ಹೊರಗೆ ಹೋಗುತ್ತಿದ್ದೇವಲ್ಲ ಎಂದು ಎಸ್ಕಲೇಟರ್ ಮೇಲೆಯೇ ಸಿಗರೇಟು ಹಚ್ಚುವ ಚಾಳಿ ಬಿಟ್ಟಿರಲಿಲ್ಲ. ನಿಯಮ ಗೋಡೆಯ ಮೇಲಿತ್ತು, ಅದರ ಕಾರಣ ಯಾರ ತಲೆಯಲ್ಲೂ ಇರಲಿಲ್ಲ. ಆದ್ದರಿಂದ ನಿಲ್ದಾಣ ತೆರವು ಮಾಡಿ ಎಂದು ಧ್ವನಿವರ್ಧಕ ಹೇಳಿದರೆ, ಹೊಗೆ ಸಣ್ಣದಾಗಿಯೇ ಕಂಡರೂ, ನೋಡುತ್ತ ನಿಲ್ಲಬೇಡಿ. ಸಿಬ್ಬಂದಿ ತೋರಿದ ದಾರಿಯಲ್ಲಿ ಹೊರಡಿ.

ರೈಲು ಸುರಂಗದ ನಡುವೆ ನಿಂತರೆ? ಬಹಳ ಸಲ ಮುಂದಿನ ರೈಲು ಜಾಗ ಬಿಟ್ಟಿಲ್ಲ ಎಂದಷ್ಟೇ ಅರ್ಥ. ಬಾಗಿಲು ತೆರೆಯುವ ಸಾಹಸ ಬೇಡ, ಹೊರಗಿನ ಆ ನಾಲ್ಕು ಹಳಿ ನೆನಪಿರಲಿ. ಮೈ ಸರಿಯಿಲ್ಲವೆನಿಸಿದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಸಹಾಯ ಕೇಳಿ. ಅಪಾಯದ ಹಿಡಿ ಎಳೆದರೂ ಸುರಂಗದ ನಡುವೆ ಇದ್ದಾಗ ಚಾಲಕ ಸಾಮಾನ್ಯವಾಗಿ ರೈಲನ್ನು ಮುಂದಿನ ನಿಲ್ದಾಣಕ್ಕೇ ಒಯ್ಯುತ್ತಾನೆ, ವೈದ್ಯರು ಬರಲು ಸಾಧ್ಯವಿರುವುದು ಅಲ್ಲಿಗೇ. ಬೇಸಿಗೆಯಲ್ಲಿ ನೀರಿನ ಬಾಟಲಿ ಜೊತೆಗಿರಲಿ. ನೂರು ವರ್ಷಕ್ಕೂ ಮೀರಿ ರೈಲುಗಳ ಬ್ರೇಕು, ಮೋಟಾರುಗಳ ಬಿಸಿಯನ್ನು ಕುಡಿದಿರುವ ಸುತ್ತಲಿನ ಜೇಡಿಮಣ್ಣು ಈಗ ತಂಪು ಕೊಡುವುದಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರಿಗೆ ಇದು ಮುಖ್ಯ.

ವಯಸ್ಸಾದವರ ನಿಜವಾದ ಭಯ ಬೇರೆಯೇ ಇದೆ. ಒಬ್ಬರು ಹತ್ತಿ, ಇನ್ನೊಬ್ಬರು ಉಳಿದು, ಬಾಗಿಲು ಮುಚ್ಚಿದರೆ? ಇದಕ್ಕೆ ಮನೆಯಲ್ಲೇ ಒಪ್ಪಂದವಾಗಬೇಕು. ಇಬ್ಬರೂ ಹುಡುಕಲು ಹೊರಟರೆ ಒಬ್ಬರನ್ನೊಬ್ಬರು ದಾಟಿ ಹೋಗುತ್ತೀರಿ. ಒಂದು ಬಿಂದು ಸ್ಥಿರವಾಗಿರಬೇಕು. ಫಲಕ ಓದಿ ದಾರಿ ಹುಡುಕಬಲ್ಲವರು ಚಲಿಸುವುದು, ಇನ್ನೊಬ್ಬರು ಕದಲದಿರುವುದು. ಕದಲಬಾರದವರು ಪ್ಲಾಟ್‌ಫಾರಂನಲ್ಲಿ ಉಳಿದಿದ್ದರೆ ಅಲ್ಲೇ ನಿಲ್ಲಲಿ, ರೈಲಿನಲ್ಲಿ ಹೋಗಿಬಿಟ್ಟಿದ್ದರೆ ಮೊದಲ ನಿಲ್ದಾಣದಲ್ಲೇ ಇಳಿದು ನಿಲ್ಲಲಿ. ಮೊಮ್ಮಗು ಜೊತೆಗಿದ್ದರೂ ಇದೇ ಸೂತ್ರ, ಚಲಿಸುವವರು ಹಿರಿಯರು. ಪ್ಲಾಟ್‌ಫಾರಂನಲ್ಲಿ ಗುಂಡಿ ಒತ್ತಿ ಸಿಬ್ಬಂದಿಯ ಜೊತೆ ಮಾತನಾಡುವ ಸಾಧನವಿರುತ್ತದೆ, ಮೊದಲ ದಿನವೇ ಮಕ್ಕಳಿಂದ ತೋರಿಸಿಕೊಳ್ಳಿ. ಆಳದಲ್ಲಿ ಮೊಬೈಲ್ ಎಲ್ಲ ಕಡೆ ಸಿಗದು. ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಇಬ್ಬರ ಜೇಬಿನಲ್ಲೂ ಇರಲಿ, ಹಣ ಒಳಜೇಬಿನಲ್ಲಿ, ಬ್ಯಾಗು ಹೊಟ್ಟೆಯ ಮುಂದೆ.

ಹೊರಡುವ ಮುನ್ನ ಅಭ್ಯಾಸಕ್ಕೆ ಬೆಂಗಳೂರೇ ಸಾಕು. ಮೆಜೆಸ್ಟಿಕ್‌ನಲ್ಲಿ ನಮ್ಮ ಮೆಟ್ರೋ ನೆಲದಡಿಗೆ ಇಳಿಯುತ್ತದೆ. ಅಲ್ಲಿಯೂ ಎಸ್ಕಲೇಟರ್ ಇದೆ, ಸುರಂಗದ ಗಾಳಿ ಇದೆ, ಹಳದಿ ಗೆರೆ ಇದೆ, ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟ್ ಇದೆ. ಎರಡು ಸಲ ಹತ್ತಿ ಇಳಿಯಿರಿ. ಲಂಡನ್ ತಲುಪಿದ ಮೇಲೆ ಒಂದು ವಾರದ ದಿನ, ಬೆಳಗಿನ ಒಂಬತ್ತೂವರೆಯ ನೂಕುನುಗ್ಗಲು ಕಳೆದ ನಂತರ, ಮಕ್ಕಳಿಗೆ ಹೇಳಿ ಒಂದೇ ಒಂದು ನಿಲ್ದಾಣ ಹೋಗಿ ಮೇಲೆ ಬನ್ನಿ. ಒಂದು ಕಾಫಿ ಕುಡಿದು ಅದೇ ದಾರಿಯಲ್ಲಿ ಹಿಂದಿರುಗಿ. ಮರುದಿನ ಎರಡು ನಿಲ್ದಾಣ ಹೋಗುವಿರಂತೆ.