ತಂತ್ರಾಂಶದ ಕೈಪಿಡಿ ಮತ್ತು ಕನ್ನಡ ವಿಭಾಗಗಳ ಹೊಣೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಸನಗಳನ್ನು ಕುರಿತು ಸಂಶೋಧನೆ ಕೈಗೊಂಡಿರುವ ನನಗೆ ಎದುರಾದ ದೊಡ್ಡ ತೊಡಕು ಶಾಸನಗಳ ಓದಿಗೆ ಸಂಬಂಧಿಸಿದ್ದಲ್ಲ. ಎಂ.ಎ. ವಿದ್ಯಾರ್ಥಿಯಾಗಿದ್ದಾಗ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಪಾಠಗಳು ಹೊಸ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲುಗಳಾಗಿ ತೆರೆದುಕೊಂಡವು. ಅವನ್ನು ಪರಿವರ್ತಿಸುವ ಮುಕ್ತ ತಂತ್ರಾಂಶವೊಂದು ದೊರೆಯಿತು. ಅದರ ಕೈಪಿಡಿ ದೊರೆಯಲಿಲ್ಲ. ಕೈಪಿಡಿಯಿದ್ದ ಜಾಲತಾಣವೇ ಮುಚ್ಚಿಹೋಗಿತ್ತು. ಪರಿವರ್ತನೆಯಲ್ಲಿ ಅರ್ಕಾವತ್ತುಗಳು ಸ್ಥಳ ತಪ್ಪಿದವು, ಱಕಾರ ೞಕಾರಗಳು ಉದುರಿಹೋದವು. ಮೂಲದೊಡನೆ ಹೋಲಿಸಿ ಮತ್ತೆ ತಿದ್ದುವುದರಲ್ಲಿ ತಿಂಗಳುಗಳೇ ಕಳೆದವು. ಇದು ನನ್ನೊಬ್ಬನ ಪಾಡಲ್ಲವೆಂಬುದನ್ನು ಸಹಸಂಶೋಧಕರು ಬಲ್ಲರು. ಕನ್ನಡಕ್ಕೆ ಸಂಬಂಧಿಸಿದ ಮುಕ್ತ ತಂತ್ರಾಂಶಗಳ ಕೈಪಿಡಿಯನ್ನು ಹಲವರು ಕೂಡಿ ಬರೆಯುವ ವ್ಯವಸ್ಥೆಯೊಂದನ್ನು ಸ್ಥಾಪಿಸಿ, ಕಾಪಾಡಿಕೊಂಡು ಬರುವ ಹೊಣೆಯನ್ನು ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳೇ ಹೊರಬೇಕೆಂಬುದು ಈ ಬರಹದ ಆಶಯ.

ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಅದು ಮುಕ್ತ. ಆದರೆ ಬಳಸುವ ಬಗೆ ತಿಳಿಯದಿದ್ದರೆ ಆ ಮುಕ್ತತೆ ಹೆಸರಿಗಷ್ಟೇ ಉಳಿಯುತ್ತದೆ. ಈ ಅರಿವಿನಿಂದಲೇ ಗ್ನು ಯೋಜನೆಯವರು ಕೈಪಿಡಿಗಳಿಗೆಂದು 2000ದಲ್ಲಿ ಪ್ರತ್ಯೇಕ ಮುಕ್ತ ಪರವಾನಗಿಯನ್ನು ರೂಪಿಸಿದರು. ವಿಕಿ ಎಂದರೆ ವಿಶ್ವಕೋಶವೆಂಬುದು ನಮ್ಮಲ್ಲಿ ರೂಢಿಯಾಗಿರುವ ತಿಳಿವಳಿಕೆ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ರಚಿಸಿದ್ದು ತಂತ್ರಾಂಶ ರಚನಕಾರರು ತಮ್ಮ ಅನುಭವಗಳನ್ನು ಕೂಡಿ ದಾಖಲಿಸಲೆಂದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಆ ಕುಲದ ಕಿರಿಯ ಕುಡಿ.

ಈ ವ್ಯವಸ್ಥೆಯ ಸ್ವರೂಪ ಕನ್ನಡ ವಿದ್ವತ್ತಿಗೆ ಅಪರಿಚಿತವೇನಲ್ಲ. ವಿಕಿಯ ಪ್ರತಿ ಪುಟಕ್ಕೂ ಇತಿಹಾಸವಿದೆ: ಯಾರು, ಯಾವಾಗ, ಯಾವ ಪದವನ್ನು ತಿದ್ದಿದರೆಂಬುದು ಅಲ್ಲಿ ದಾಖಲಾಗುತ್ತದೆ, ಹಿಂದಿನ ಪಾಠ ಅಳಿಯುವುದಿಲ್ಲ. ಗ್ರಂಥಸಂಪಾದಕನು ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಕೊಡುವ ಕ್ರಮವೇ ಇದು. ಶ್ರೀರಂಗಪಟ್ಟಣದ ಶಾಸನಗಳು ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ 1894ರಲ್ಲಿಯೂ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲದವು ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿಯೂ ಪ್ರಕಟವಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳು ಆರನೆಯ ಸಂಪುಟಕ್ಕೂ (1977), ನಾಗಮಂಗಲ ಏಳನೆಯ ಸಂಪುಟಕ್ಕೂ (1979) ಸೇರಿದವು. ಶಾಸನಸಂಖ್ಯೆಯನ್ನು ಹೇಳುವಾಗ ಆವೃತ್ತಿ ಯಾವುದೆಂದು ಹೇಳದಿದ್ದರೆ ಉಲ್ಲೇಖ ಕೆಡುತ್ತದೆ. ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ. ಯಾವ ಆವೃತ್ತಿಗೆ ಬರೆದ ಕೈಪಿಡಿಯೆಂಬುದು ತಿಳಿಯದಿದ್ದರೆ ಅದು ದಾರಿ ತಪ್ಪಿಸುತ್ತದೆ. ಆವೃತ್ತಿಪ್ರಜ್ಞೆಯನ್ನು ಒಂದು ಶತಮಾನದಿಂದ ಸಾಧಿಸಿಕೊಂಡು ಬಂದವರು ಈ ಕೆಲಸಕ್ಕೆ ಹೊರಗಿನವರಾಗಲಾರರು.

ನಾವು ಹೊರಗುಳಿದರೆ ಆಗುವ ನಷ್ಟಕ್ಕೆ ನಿದರ್ಶನವೂ ಇದೆ. ಹಳಗನ್ನಡ ಶಾಸನಗಳ ಓದುಗರಿಗೆ ೞ ಚಿರಪರಿಚಿತ ಅಕ್ಷರ. ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು 'ಫ' ಎಂದು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಅಲ್ಲಿಯ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಅಕ್ಷರದ ರೂಪ ಸರಿಯಾಗಿಯೇ ಇದೆ, ತಪ್ಪಿರುವುದು ಅದರ ದಾಖಲೆ. ಕೇಶಿರಾಜನನ್ನು ಪಾಠ ಹೇಳುವ ಯಾವ ಅಧ್ಯಾಪಕರೂ ಈ ತಪ್ಪನ್ನು ಕ್ಷಣದಲ್ಲಿ ಗುರುತಿಸುತ್ತಿದ್ದರು.

ಬರೆಯುವುದಕ್ಕಿಂತ ಕಠಿನವಾದದ್ದು ಉಳಿಸಿಕೊಳ್ಳುವುದು. ಅನ್ಯರ ನೆಲದಲ್ಲಿ ಕಟ್ಟಿದ ಮನೆಗೆ ಭರವಸೆಯಿಲ್ಲ. ಅಸಂಖ್ಯ ವೈಯಕ್ತಿಕ ಪುಟಗಳಿಗೆ ಉಚಿತ ಆಶ್ರಯವಿತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಮುಕ್ತ ತಂತ್ರಾಂಶ ಯೋಜನೆಗಳಿಗೆ ಮೂಲಸಂಕೇತದೊಡನೆ ಕೈಪಿಡಿಯ ವಿಕಿಯನ್ನೂ ಇರಿಸಲು ಸ್ಥಳ ಕೊಟ್ಟಿದ್ದ ಗೂಗಲ್ ಕೋಡ್ 2016ರ ಜನವರಿಯಲ್ಲಿ ನಿಂತಿತು. ಸಕಾಲದಲ್ಲಿ ಎಚ್ಚೆತ್ತವರು ಬೇರೆಡೆಗೆ ಸಾಗಿಸಿಕೊಂಡರು, ನೋಡಿಕೊಳ್ಳುವವರಿಲ್ಲದವು ಅನಾಥವಾದವು. ಸ್ವಂತ ಸರ್ವರ್ ಕೊಂಡ ಮಾತ್ರಕ್ಕೆ ಸಮಸ್ಯೆ ಪರಿಹಾರವಾಗುವುದೂ ಇಲ್ಲ. ಅನುದಾನ ಬಂದಾಗ ತಾಣ ಆರಂಭವಾಗುತ್ತದೆ, ಉದ್ಘಾಟನೆಯಾಗುತ್ತದೆ. ಗುಪ್ತಪದ ಬಲ್ಲ ಸಂಶೋಧನ ವಿದ್ಯಾರ್ಥಿ ಪದವಿ ಪಡೆದು ಹೊರಟೊಡನೆ ತಾಣವೂ ಕಣ್ಣುಮುಚ್ಚುತ್ತದೆ. ನಮ್ಮ ಶಾಸನಗಳು ಈ ವಿಷಯದಲ್ಲಿ ಹೆಚ್ಚು ವಿವೇಕವುಳ್ಳವು. ನಂದಾದೀವಿಗೆಗೆ ದತ್ತಿ ಬಿಟ್ಟವರು ದೀಪದ ಕಂಬವನ್ನಷ್ಟೇ ಕೊಟ್ಟು ಹೋಗಲಿಲ್ಲ. ಎಣ್ಣೆ ಯಾವ ಭೂಮಿಯ ಆದಾಯದಿಂದ ಬರಬೇಕು, ಯಾರು ನಡೆಸಿಕೊಂಡು ಹೋಗಬೇಕು ಎಂಬುದನ್ನೂ ಕಲ್ಲಿನಲ್ಲಿ ಬರೆಸಿದರು.

ಈ ವಿವೇಕವನ್ನು ಇಂದಿನ ವ್ಯವಸ್ಥೆಗೆ ಅನ್ವಯಿಸುವುದು ಕಷ್ಟವಲ್ಲ. ತಾಣದ ಹೆಸರು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಬೇಕು. ಅದರ ನವೀಕರಣದ ವೆಚ್ಚ ವಿಭಾಗದ ವಾರ್ಷಿಕ ಆಯವ್ಯಯದಲ್ಲಿ ಸೇರಬೇಕು. ನಿರ್ವಾಹಕರು ಇಬ್ಬರಿರಬೇಕು, ಅವರಲ್ಲಿ ಒಬ್ಬರು ಕಾಯಂ ಅಧ್ಯಾಪಕರಾಗಿರಬೇಕು. ನಿಗದಿತ ಅವಧಿಗೊಮ್ಮೆ ಇಡೀ ಸಂಗ್ರಹದ ನಕಲು ಬೇರೊಂದು ಊರಿನ ಸಂಸ್ಥೆಗೆ ಹೋಗಬೇಕು. ವಿಕಿಪೀಡಿಯ ಬಳಸುವ ಮೀಡಿಯಾವಿಕಿಗೆ ದತ್ತಸಂಚಯ ಬೇಕು, ಅದರ ನಿರ್ವಹಣೆಗೆ ಬಲ್ಲವರು ಬೇಕು. 2004ರಿಂದ ಬಳಕೆಯಲ್ಲಿರುವ ಡೋಕುವಿಕಿ ತನ್ನ ಪುಟಗಳನ್ನು ಸಾದಾ ಪಠ್ಯಕಡತಗಳಾಗಿಯೇ ಇರಿಸುತ್ತದೆ. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಕಡತಗಳನ್ನು ತೆರೆದು ಓದಬಹುದು. ಸಣ್ಣ ವಿಭಾಗಕ್ಕೆ ಇದೇ ಸೂಕ್ತವೆಂಬುದು ನನ್ನ ಅಭಿಪ್ರಾಯ.

ಯಾರು ಬೇಕಾದರೂ ತಿದ್ದಬಹುದಾದ ಬರಹಕ್ಕೆ ಪ್ರಾಮಾಣ್ಯವೆಲ್ಲಿಯದು ಎಂಬ ಆಕ್ಷೇಪ ಬರಬಹುದು. ತಿದ್ದುವ ಅಧಿಕಾರವನ್ನು ನೋಂದಾಯಿತರಿಗೆ ಸೀಮಿತಗೊಳಿಸಲು ಸಾಧ್ಯವಿದೆ. ಅದಕ್ಕಿಂತ ಮುಖ್ಯವಾಗಿ, ಕೈಪಿಡಿಯ ಪ್ರಾಮಾಣ್ಯ ಬಳಕೆಯಲ್ಲಿ ಸಿದ್ಧಿಸುತ್ತದೆ. ಮೇಲುಕೋಟೆಯ ಶಾಸನಪಾಠವನ್ನು ಪಾಂಡವಪುರದ ಅಧ್ಯಾಪಕರೊಬ್ಬರು ಕೈಪಿಡಿಯಂತೆ ಪರಿವರ್ತಿಸಿದಾಗ ೞಕಾರ ಉಳಿಯಿತೇ ಇಲ್ಲವೇ ಎಂಬುದೇ ಪರೀಕ್ಷೆ. ಆದ್ದರಿಂದ ಪ್ರಾಯೋಗಿಕ ಕಾರ್ಯವನ್ನು ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರನ್ನು ಪರಿಶೀಲಕರನ್ನಾಗಿ ಸೇರಿಸಿಕೊಂಡು ಆರಂಭಿಸಬಹುದು. ಮೊದಲಿಗೆ ಅಕ್ಷರ ಪರಿವರ್ತಕದ ಒಂದೇ ಕೈಪಿಡಿ ಸಾಕು. ವಿಷಯವನ್ನು ಮುಕ್ತಗೊಳಿಸಲು ಮೇಲ್ಪಂಕ್ತಿಯೂ ಇದೆ: ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ತೆರೆದಿಟ್ಟಿತು.

ಕೊನೆಯದಾಗಿ ಒಂದು ಕಹಿ ಪ್ರಶ್ನೆ. ಕೈಪಿಡಿ ಬರೆದ ಸಂಶೋಧಕನಿಗೆ ಅದರಿಂದ ಏನು ದೊರೆಯುತ್ತದೆ? ಪ್ರಕಟಣೆಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ, ಸಂದರ್ಶನದಲ್ಲಿ ಅಂಕವಿಲ್ಲ. ಮೂವತ್ತು ದಾಟಿಯೂ ಹುದ್ದೆಗಾಗಿ ಕಾಯುತ್ತಿರುವವನು ಲೇಖನ ಬರೆಯಬೇಕೇ ಕೈಪಿಡಿ ಬರೆಯಬೇಕೇ ಎಂದು ಯೋಚಿಸಿದರೆ ಅವನನ್ನು ದೂರುವಂತಿಲ್ಲ. ಪುಟದ ಇತಿಹಾಸವೇ ಯಾರ ದುಡಿಮೆ ಎಷ್ಟೆಂಬುದಕ್ಕೆ ಸಾಕ್ಷಿಯಾಗಿರುವಾಗ, ಅದನ್ನು ಸಂಪಾದನಕಾರ್ಯವೆಂದು ಪರಿಗಣಿಸಲು ವಿಭಾಗಗಳಿಗೆ ಅಡ್ಡಿಯೇನಿದೆ? ಶಾಸನವನ್ನು ರಚಿಸಿದ ಕವಿಯ ಹೆಸರಿನ ಜೊತೆಗೆ ಕಲ್ಲಿನ ಮೇಲೆ ಅದನ್ನು ಕಂಡರಿಸಿದವನ ಹೆಸರನ್ನೂ ನಮ್ಮ ಹಿರಿಯರು ಅನೇಕ ಕಡೆ ಬರೆಸಿದ್ದಾರೆ. ಆ ಔದಾರ್ಯವನ್ನು ನಾವೂ ತೋರಬೇಕಾಗಿದೆ.